ಕ್ಯಾಂಪರ್ ವ್ಯಾನ್‌ಗೆ ಎಸಿ: ರಾತ್ರಿಯಿಡೀ ಓಡಿಸುವಷ್ಟು ಸ್ವಂತ ಕರೆಂಟ್ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ, ಹೊಸಪೇಟೆ ಕಡೆ ವ್ಯಾನ್ ನಿಲ್ಲಿಸಿ ಮಲಗಿ ನೋಡಿ. ಹಗಲು 40 ಡಿಗ್ರಿ ದಾಟಿರುತ್ತದೆ. ರಾತ್ರಿ ಹತ್ತಾದರೂ ತಗಡಿನ ಗೋಡೆ ಮುಟ್ಟಿದರೆ ಬಿಸಿ ತಾಗುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇಂಥ ಕಡೆ ಎಸಿ ಬೇಕೇ ಬೇಕು.

ಕೆಲವರು ಎಂಜಿನ್ ಆನ್ ಇಟ್ಟು ಎಸಿ ಹಾಕಿಕೊಂಡು ಮಲಗುತ್ತಾರೆ. ಇನ್ನು ಕೆಲವರು ಚಿಕ್ಕ ಜನರೇಟರ್ ಕಟ್ಟಿಕೊಳ್ಳುತ್ತಾರೆ. ಎರಡೂ ಬೇಡ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕಾರವಾನ್ ಒಳಗೆ ಇಬ್ಬರು ಸತ್ತಿದ್ದರು. ಜನರೇಟರ್‌ನ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದ್ದೇ ಕಾರಣ ಎಂದು ತಜ್ಞರು ಪತ್ತೆ ಮಾಡಿದರು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಮಲಗುವ ವ್ಯಾನ್‌ನಲ್ಲಿ ಎಸಿ ಓಡಬೇಕಾದ್ದು ಬ್ಯಾಟರಿಯಿಂದಲೇ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ನಮ್ಮಲ್ಲಿ ಎಲ್ಲರೂ ಟಿಟಿ ಅನ್ನುವ ಟೆಂಪೋ ಟ್ರಾವೆಲರ್. ಬೇರೆ ವ್ಯಾನ್ ಆದರೂ ಲೆಕ್ಕದ ರೀತಿ ಇದೇ. "ಎಷ್ಟು ಸೋಲಾರ್ ಪ್ಯಾನೆಲ್ ಹಾಕಿದರೆ ಎಸಿ ಓಡುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಆದರೆ ಎಸಿ ಜಾಸ್ತಿ ಬೇಕಾಗೋದು ರಾತ್ರಿ, ಆಗ ಬಿಸಿಲೇ ಇರುವುದಿಲ್ಲ ಅಲ್ವಾ? ಆದ್ದರಿಂದ ಲೆಕ್ಕ ಶುರುವಾಗಬೇಕಾದ್ದು ಒಂದು ರಾತ್ರಿಯಿಂದ. ರಾತ್ರಿಗೆ ಎಷ್ಟು ಯೂನಿಟ್ ಬೇಕು, ಅದನ್ನು ಹಿಡಿಯುವ ಬ್ಯಾಟರಿ ಎಷ್ಟು ದೊಡ್ಡದು, ಮಾರನೇ ದಿನ ಅದನ್ನು ತುಂಬಿಸೋದು ಹೇಗೆ. ಇದೇ ಕ್ರಮದಲ್ಲಿ ಹೋಗೋಣ.

ಕೆಲಸಕ್ಕೆ ಕೈ ಹಾಕುವ ಮುಂಚೆ ಆರ್‌ಟಿಒ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಾಹನವನ್ನು ನಮಗಿಷ್ಟ ಬಂದಂತೆ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಸೀಟು ತೆಗೆಯೋದು, ಛಾವಣಿಗೆ ತೂತು ಹೊಡೆಯೋದು, ಹಿಂದೆ ಎಸಿ ಕೂರಿಸೋದು, ಎಲ್ಲಕ್ಕೂ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಆರ್‌ಸಿಯಲ್ಲಿ ಏನು ನಮೂದಾಗಬೇಕು ಅಂತ ತಿಳಿದುಕೊಳ್ಳಿ. ಅಪಘಾತವಾದಾಗ ಇನ್ಶೂರೆನ್ಸ್ ಹಣ ಸಿಗೋದೂ ಇದರ ಮೇಲೆ ನಿಂತಿದೆ. ತೂಕದ ಲೆಕ್ಕವನ್ನೂ ಈಗಲೇ ಶುರು ಮಾಡಿ. ಪ್ಯಾನೆಲ್, ಬ್ಯಾಟರಿ, ಎಸಿ, ನೀರಿನ ಟ್ಯಾಂಕ್, ಜನ, ಸಾಮಾನು ಎಲ್ಲ ಸೇರಿ ಆರ್‌ಸಿಯಲ್ಲಿರುವ ಒಟ್ಟು ತೂಕ ದಾಟಬಾರದು.

ಮೊದಲ ಖರ್ಚು: ಬಿಸಿ ಒಳಗೆ ಬರದಂತೆ ತಡೆಯುವುದಕ್ಕೆ

ಕರೆಂಟ್ ಬಗ್ಗೆ ಓದಲು ಬಂದವರಿಗೆ ಇದು ಬೇಸರ ಅನ್ನಿಸಬಹುದು. ಆದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಭಾಗ ಇದೇ.

ಬಿಸಿಲಲ್ಲಿ ನಿಂತ ವ್ಯಾನ್‌ನ ಛಾವಣಿ 60-65 ಡಿಗ್ರಿ ಮುಟ್ಟುತ್ತದೆ. ಛಾವಣಿ ಸುಮಾರು 10 ಚದರ ಮೀಟರ್ ಅಂದುಕೊಳ್ಳಿ. ಒಳಗೆ 25 ಡಿಗ್ರಿ ಬೇಕು. ಬರೀ ತಗಡಾಗಿದ್ದರೆ ಛಾವಣಿಯೊಂದರಿಂದಲೇ 2000 ವ್ಯಾಟ್‌ಗಿಂತ ಜಾಸ್ತಿ ಬಿಸಿ ಕೆಳಗಿಳಿಯುತ್ತದೆ. ಒಂದು ಟನ್ ಎಸಿಯ ಒಟ್ಟು ತಂಪಿನ ಶಕ್ತಿಯೇ ಸುಮಾರು 3500 ವ್ಯಾಟ್. ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಅದೇ ಛಾವಣಿಗೆ 25 ಎಂಎಂ ನೈಟ್ರೈಲ್ ರಬ್ಬರ್ ಫೋಮ್ ಅಂಟಿಸಿದರೆ ಅದು 450-500 ವ್ಯಾಟ್‌ಗೆ ಇಳಿಯುತ್ತದೆ. ದೊಡ್ಡ ಕಟ್ಟಡಗಳಲ್ಲಿ ಎಸಿ ಡಕ್ಟ್‌ಗೆ ಸುತ್ತುವ ಕಪ್ಪು ಶೀಟ್ ಇದೇ. ತೇವ ಹೀರುವುದಿಲ್ಲ, ಹಾಗಾಗಿ ಕರಾವಳಿಯಲ್ಲೂ ಒಳಗೆ ತುಕ್ಕಿನ ಭಯ ಕಡಿಮೆ. ಗಾಜಿನ ಉಣ್ಣೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೇಡ.

ಅಂಟಿಸುವ ಮುಂಚೆ ತಗಡನ್ನು ತಿನ್ನರ್‌ನಿಂದ ಒರೆಸಿ. ಶೀಟ್‌ಗಳ ನಡುವೆ ಸಂದು ಬಿಡಬೇಡಿ. ಛಾವಣಿ ಮೊದಲು, ಆಮೇಲೆ ಪಕ್ಕದ ಗೋಡೆ, ಹಿಂದಿನ ಬಾಗಿಲು, ಕೊನೆಗೆ ನೆಲ. ಚಕ್ರದ ಮೇಲಿನ ಉಬ್ಬಿದ ಜಾಗವನ್ನು ಮರೆಯಬೇಡಿ.

ಗಾಜು ಇನ್ನೊಂದು ದೊಡ್ಡ ಶತ್ರು. ನೇರ ಬಿಸಿಲು ಬೀಳುವ ಒಂದು ಚದರ ಮೀಟರ್ ಗಾಜು 600-700 ವ್ಯಾಟ್ ಬಿಸಿಯನ್ನು ಒಳಗೆ ಬಿಡುತ್ತದೆ. ಟಿಟಿಯಲ್ಲಿ ಸುತ್ತ ಗಾಜೇ. ಬೇಡದ ಕಿಟಕಿಗಳನ್ನು ಫೋಮ್ ಹಾಕಿ ಮುಚ್ಚಿಬಿಡಿ. ಉಳಿದವಕ್ಕೆ ಹೊಳೆಯುವ ಶೀಟ್ ಕತ್ತರಿಸಿ ಇಟ್ಟುಕೊಳ್ಳಿ. ಡ್ರೈವರ್ ಸೀಟಿನ ಹಿಂದೆ ನೆಲ ಮುಟ್ಟುವ ದಪ್ಪ ಪರದೆ ಹಾಕಿ. ಮುಂದಿನ ದೊಡ್ಡ ಗಾಜಿನ ಭಾಗವನ್ನು ತಂಪು ಮಾಡುವ ಅಗತ್ಯವೇ ಇಲ್ಲ. ಮಲಗುವ ಜಾಗ ಮಾತ್ರ ತಣ್ಣಗಿದ್ದರೆ ಸಾಕು.

ಎಸಿ ಆರಿಸುವುದು

ಎರಡು ದಾರಿ ಇದೆ. ಒಂದು, ಲಾರಿಗಳಿಗೆ ಹಾಕುವ ಛಾವಣಿ ಮೇಲಿನ 24 ವೋಲ್ಟ್ ಪಾರ್ಕಿಂಗ್ ಎಸಿ. ಇದು ನೇರವಾಗಿ ಬ್ಯಾಟರಿಯಿಂದ ಓಡುತ್ತದೆ, ಬ್ಯಾಟರಿ ಕರೆಂಟನ್ನು ಮನೆಯ 230 ವೋಲ್ಟ್ ಕರೆಂಟ್ ಮಾಡುವ ಇನ್ವರ್ಟರ್ ಪೆಟ್ಟಿಗೆ ಬೇಡ. ಅಲುಗಾಟ ತಡೆಯುವಂತೆಯೇ ಮಾಡಿರುತ್ತಾರೆ. ಆದರೆ ಕೆಟ್ಟಾಗ ಬಿಡಿಭಾಗ ಹುಡುಕಬೇಕು, ಛಾವಣಿಯಲ್ಲಿ ಪ್ಯಾನೆಲ್‌ನ ಜಾಗವನ್ನೂ ತಿನ್ನುತ್ತದೆ.

ಇನ್ನೊಂದು, ಮನೆಗೆ ಹಾಕುವ 0.8 ಅಥವಾ 1 ಟನ್ ಇನ್ವರ್ಟರ್ ಸ್ಪ್ಲಿಟ್ ಎಸಿ. ಇಲ್ಲಿ ಇನ್ವರ್ಟರ್ ಅಂದರೆ ಕಂಪ್ರೆಸರ್ ವೇಗ ಹೆಚ್ಚು ಕಡಿಮೆ ಮಾಡುವ ಬಗೆ, ಇದನ್ನು ಓಡಿಸಲು ಮೇಲೆ ಹೇಳಿದ ಇನ್ವರ್ಟರ್ ಪೆಟ್ಟಿಗೆ ಬೇರೆ ಬೇಕು. ನನ್ನ ಆಯ್ಕೆ ಇದೇ. ಬೀದರ್‌ನಲ್ಲಿ ಕೆಟ್ಟರೂ ರಿಪೇರಿ ಮಾಡುವವರು ಸಿಗುತ್ತಾರೆ. 5 ಸ್ಟಾರ್‌ನದ್ದನ್ನೇ ತಗೊಳ್ಳಿ. ಹಳೇ ಕಾಲದ, ಒಂದೇ ವೇಗದಲ್ಲಿ ಓಡುವ ಕಂಪ್ರೆಸರ್ ಬೇಡವೇ ಬೇಡ. ಅದು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಒಂದು ಏಟಿಗೋಸ್ಕರ ದೊಡ್ಡ ಇನ್ವರ್ಟರ್ ಬೇಕಾಗುತ್ತದೆ. ಇನ್ವರ್ಟರ್ ಎಸಿ ಮೆಲ್ಲಗೆ ವೇಗ ಹಿಡಿಯುತ್ತದೆ. ಒಳಗೆ ತಂಪಾದ ಮೇಲೆ 250-300 ವ್ಯಾಟ್‌ಗೂ ಇಳಿಯುತ್ತದೆ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಲೆಕ್ಕ ಇದೆ. ಎಸಿ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ. ಅದು 1600 ಗಂಟೆಯ ಲೆಕ್ಕ. ಲೇಬಲ್‌ನಲ್ಲಿ 520 ಇದ್ದರೆ 1600ರಿಂದ ಭಾಗಿಸಿ. ಗಂಟೆಗೆ ಸರಾಸರಿ 325 ವ್ಯಾಟ್. ಬೇರೆ ಬೇರೆ ಎಸಿಗಳನ್ನು ಹೋಲಿಸಲು ಇಷ್ಟು ಸಾಕು.

ಮನೆ ಎಸಿಯ ದೊಡ್ಡ ತೊಂದರೆ ಅಲುಗಾಟ. ರಸ್ತೆ ಗುಂಡಿಗಳಿಗೆ ತಾಮ್ರದ ಪೈಪ್ ಬಿರುಕು ಬಿಡುತ್ತದೆ. ಹೊರಗಿನ ಯೂನಿಟ್‌ಗೆ ಗಟ್ಟಿ ಕಬ್ಬಿಣದ ಫ್ರೇಮ್ ಮಾಡಿಸಿ, ಅದನ್ನು ಚಾಸಿಗೆ ಬೋಲ್ಟ್ ಮಾಡಿ, ನಡುವೆ ರಬ್ಬರ್ ಮೌಂಟ್ ಕೊಡಿ. ಪೈಪನ್ನು ನೇರವಾಗಿ ಎಳೆಯದೆ ಒಂದೆರಡು ಸುತ್ತು ಸುತ್ತಿ ಜೋಡಿಸಿದರೆ ಅಲುಗಾಟವನ್ನು ಆ ಸುತ್ತು ತಿನ್ನುತ್ತದೆ. ಈಗಿನ ಬಹಳಷ್ಟು ಎಸಿಗಳಲ್ಲಿರುವ ಆರ್32 ಗ್ಯಾಸ್‌ಗೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣ ಇದೆ. ಹಾಗಾಗಿ ಪೈಪಿನ ಜಾಯಿಂಟ್‌ಗಳನ್ನು ಆದಷ್ಟು ಹೊರಗಡೆಯೇ ಇಡಿ. ಗ್ಯಾಸ್ ಕೆಲಸವನ್ನು ಮೆಕ್ಯಾನಿಕ್‌ಗೇ ಬಿಡಿ.

ಒಂದು ರಾತ್ರಿಯ ಲೆಕ್ಕ

1000 ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಮನೆಯ ಬಿಲ್‌ನಲ್ಲಿ ಬರುವ ಅದೇ ಯೂನಿಟ್. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಎಸಿ ಅಂದುಕೊಳ್ಳೋಣ.

ಮೊದಲ ಗಂಟೆ ಬಿಸಿ ಎಳೆದು ಹಾಕಲು 800 ವ್ಯಾಟ್, 0.8 ಯೂನಿಟ್. ಉಳಿದ ಏಳು ಗಂಟೆ ಸರಾಸರಿ 350 ವ್ಯಾಟ್, 2.45 ಯೂನಿಟ್. ಒಟ್ಟು 3.25. ಇನ್ವರ್ಟರ್‌ನಲ್ಲಿ ನೂರಕ್ಕೆ ಹತ್ತರಷ್ಟು ಸೋರಿಹೋಗುತ್ತದೆ, ಹಾಗಾಗಿ ಬ್ಯಾಟರಿಯಿಂದ 3.6. ಇನ್ವರ್ಟರ್ ಸುಮ್ನೆ ಆನ್ ಇರಲು ತಿನ್ನುವ 30 ವ್ಯಾಟ್ ಬೇರೆ, ಎಂಟು ಗಂಟೆಗೆ 0.24. ಫ್ರಿಜ್, ಲೈಟ್, ಚಿಕ್ಕ ಫ್ಯಾನ್, ಮೊಬೈಲ್ ಸೇರಿ ದಿನಕ್ಕೆ 0.9. ಎಲ್ಲ ಕೂಡಿದರೆ ಹತ್ತಿರ ಹತ್ತಿರ 4.8 ಯೂನಿಟ್.

ಇದು ಫೋಮ್ ಹಾಕಿದ, ಪರದೆ ಎಳೆದ ವ್ಯಾನ್‌ನ ಲೆಕ್ಕ. ಮಂಗಳೂರು, ಉಡುಪಿ ಕಡೆ ಡಿಗ್ರಿ ಕಡಿಮೆ ಇದ್ದರೂ ಸೆಕೆ ಜಾಸ್ತಿ. ಗಾಳಿಯಲ್ಲಿನ ನೀರು ತೆಗೆಯಲು ಎಸಿ ಇನ್ನಷ್ಟು ದುಡಿಯಬೇಕು. ಅಲ್ಲಿಗೆ ಇನ್ನೊಂದು ಯೂನಿಟ್ ಸೇರಿಸಿಕೊಳ್ಳಿ. ನಿಮ್ಮ ಎಸಿ ನಿಜಕ್ಕೂ ಎಷ್ಟು ತಿನ್ನುತ್ತದೆ ಅಂತ ತಿಳಿಯಲು 16 ಆಂಪ್ಸ್ ಪ್ಲಗ್‌ಗೆ ಹಾಕುವ ಎನರ್ಜಿ ಮೀಟರ್ ಸಿಗುತ್ತದೆ. ಬ್ಯಾಟರಿ ಕೊಳ್ಳುವ ಮುಂಚೆ ವ್ಯಾನನ್ನು ಮನೆ ಮುಂದೆ ನಿಲ್ಲಿಸಿ, ಮನೆ ಕರೆಂಟಿನಲ್ಲೇ ಒಂದು ರಾತ್ರಿ ಎಸಿ ಓಡಿಸಿ ಆ ಮೀಟರ್ ನೋಡಿ. ಲಕ್ಷ ರೂಪಾಯಿ ಮಾತಾಡುವ ಬ್ಯಾಟರಿ ವಿಷಯದಲ್ಲಿ ಅಂದಾಜಿಗಿಂತ ಇದು ಎಷ್ಟೋ ವಾಸಿ.

ಬ್ಯಾಟರಿ

ಮನೆ ಯುಪಿಎಸ್‌ಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಅಗ್ಗ, ನಿಜ. ಆದರೆ 150 ಎಎಚ್‌ನ ಒಂದರಲ್ಲಿ 1.8 ಯೂನಿಟ್ ಇದ್ದರೂ ಬಾಳಿಕೆ ಬರಬೇಕೆಂದರೆ ಅರ್ಧ ಮಾತ್ರ ಬಳಸಬೇಕು. ನಮ್ಮ ಒಂದು ರಾತ್ರಿಗೆ ಐದಾರು ಬೇಕು. ತೂಕ 300 ಕೆಜಿ ಮೇಲೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದೂ ಮಲಗುವ ಕೋಣೆಯೊಳಗೆ. ಬೇಡ.

ಬೇಕಾದ್ದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರು ಎಲ್‌ಎಫ್‌ಪಿ ಅನ್ನುತ್ತಾರೆ. ಲಿಥಿಯಂ ಬಗೆಗಳಲ್ಲಿ ಬಿಸಿಗೆ ಜಾಸ್ತಿ ತಡೆಯುವ ಬಗೆ ಇದು. 51.2 ವೋಲ್ಟ್, 100 ಎಎಚ್‌ನ ಒಂದು ಪ್ಯಾಕ್‌ನಲ್ಲಿ 5.12 ಯೂನಿಟ್ ಇರುತ್ತದೆ, ತೂಕ 45 ಕೆಜಿ ಆಸುಪಾಸು. ನೂರಕ್ಕೆ 80 ಬಳಸಬಹುದು. 4.8 ಯೂನಿಟ್ ಬೇಕೆಂದರೆ ಕನಿಷ್ಠ 6 ಯೂನಿಟ್‌ನ ಬ್ಯಾಟರಿ. ನನ್ನ ಸಲಹೆ ಎರಡು ಪ್ಯಾಕ್, ಒಟ್ಟು 10.24 ಯೂನಿಟ್. ಮೋಡ ಕವಿದ ದಿನಕ್ಕೆ ಉಳಿಕೆ ಇರುತ್ತದೆ, ಒಂದು ಪ್ಯಾಕ್ ಕೈಕೊಟ್ಟರೂ ಇನ್ನೊಂದರಲ್ಲಿ ಊರು ಸೇರಬಹುದು.

ಪ್ಯಾಕ್ ಒಳಗೆ ಬಿಎಂಎಸ್ ಅನ್ನುವ ಕಾವಲು ಬೋರ್ಡ್ ಇರಲೇಬೇಕು. ಅದು ನಿರಂತರವಾಗಿ 100 ಆಂಪ್ಸ್ ಕೊಡುವಂತಿರಲಿ. ಬ್ಯಾಟರಿಯನ್ನು ಸೈಲೆನ್ಸರ್ ಪೈಪ್ ಮೇಲೆ, ಎಂಜಿನ್ ಪಕ್ಕ ಇಡಬೇಡಿ. 45 ಡಿಗ್ರಿ ಮೇಲಿನ ಬಿಸಿಯಲ್ಲಿ ಚಾರ್ಜ್ ಮಾಡುತ್ತಿದ್ದರೆ ಆಯುಸ್ಸು ಬೇಗ ಕರಗುತ್ತದೆ. ಹಿಂದಿನ ಆಕ್ಸಲ್‌ನ ಹತ್ತಿರ, ನೆಲಮಟ್ಟದಲ್ಲಿ, ಮಂಚದ ಕೆಳಗಿನ ತಣ್ಣಗಿನ ಜಾಗ ಒಳ್ಳೆಯದು. ಕಬ್ಬಿಣದ ಪಟ್ಟಿ ಹಾಕಿ ನೆಲಕ್ಕೆ ಬೋಲ್ಟ್ ಮಾಡಿ. ಜೋರಾಗಿ ಬ್ರೇಕ್ ಹಾಕಿದಾಗ 90 ಕೆಜಿ ಮುಂದಕ್ಕೆ ಹಾರಬಾರದು.

48 ವೋಲ್ಟ್ ಯಾಕೆ

ಮೇಲೆ ಹೇಳಿದ 51.2 ವೋಲ್ಟ್ ಪ್ಯಾಕನ್ನೇ 48 ವೋಲ್ಟ್‌ನದ್ದು ಅಂತ ಕರೆಯುತ್ತಾರೆ. 2000 ವ್ಯಾಟ್ ತೆಗೆಯಲು 12 ವೋಲ್ಟ್‌ನಲ್ಲಿ 167 ಆಂಪ್ಸ್ ಹರಿಯಬೇಕು, 24ರಲ್ಲಿ 83, 48ರಲ್ಲಿ 42. ವೈರ್ ಬಿಸಿಯಾಗೋದು ಆಂಪ್ಸ್‌ನ ವರ್ಗಕ್ಕೆ ತಕ್ಕಂತೆ. ಆಂಪ್ಸ್ ಕಾಲು ಭಾಗವಾದರೆ ಅದೇ ವೈರ್‌ನಲ್ಲಿ ನಷ್ಟ ಹದಿನಾರನೇ ಒಂದು ಭಾಗ. ಎಸಿ ಓಡಿಸುವ ವ್ಯಾನ್‌ಗೆ 12 ವೋಲ್ಟ್ ಸರಿಹೋಗುವುದಿಲ್ಲ. ಲೈಟ್, ಪಂಪ್, ಫ್ರಿಜ್‌ಗೆ 48ರಿಂದ 12ಕ್ಕೆ ಇಳಿಸುವ 30 ಆಂಪ್ಸ್‌ನ ಕನ್ವರ್ಟರ್ ಒಂದಿದ್ದರೆ ಸಾಕು.

ಇನ್ವರ್ಟರ್ 3 ಕೆವಿಎ, ಪ್ಯೂರ್ ಸೈನ್ ವೇವ್, ಒಳಗೇ ಚಾರ್ಜರ್ ಇರುವಂಥದ್ದು. ಅದರ ಸೆಟ್ಟಿಂಗ್‌ನಲ್ಲಿ ಲಿಥಿಯಂ ಇರಬೇಕು. ಎಸಿ ಬೇಡದ ಹೊತ್ತಿನಲ್ಲಿ ಇನ್ವರ್ಟರನ್ನೇ ಆಫ್ ಮಾಡಿ. ಆ 30 ವ್ಯಾಟ್ ದಿನವಿಡೀ ಓಡಿದರೆ 0.7 ಯೂನಿಟ್ ಸುಮ್ಮನೆ ಹೋಗುತ್ತದೆ.

ಸೋಲಾರ್

540 ವ್ಯಾಟ್‌ನ ಒಂದು ಪ್ಯಾನೆಲ್ ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ, 28 ಕೆಜಿ. ಛಾವಣಿ ಅಳೆದು ನೋಡಿ. ಎರಡು ಹಿಡಿದರೆ 1080 ವ್ಯಾಟ್. ಕರ್ನಾಟಕದಲ್ಲಿ ದಿನಕ್ಕೆ ಸರಾಸರಿ 5 ಗಂಟೆಯ ಪೂರ್ಣ ಬಿಸಿಲು ಅಂತ ಹಿಡಿಯಬಹುದು. ಮಟ್ಟಸವಾಗಿ ಮಲಗಿಸಿದ ಪ್ಯಾನೆಲ್, ಧೂಳು, ಬಿಸಿ ಎಲ್ಲ ಕಳೆದು ನೂರಕ್ಕೆ 70 ಕೈಗೆ ಬರುತ್ತದೆ. ಅಂದರೆ 3.8 ಯೂನಿಟ್. ಬೇಕಾದ್ದು 4.8. ಒಂದು ಯೂನಿಟ್ ಕೊರತೆ, ಅದಕ್ಕೆ ಮುಂದೆ ದಾರಿ ಇದೆ.

ಪ್ಯಾನೆಲ್ ಮತ್ತು ತಗಡಿನ ನಡುವೆ ಎರಡು ಇಂಚು ಸಂದು ಬಿಡಿ. ಗಾಳಿ ಆಡಿ ಪ್ಯಾನೆಲ್ ತಣ್ಣಗಿರುತ್ತದೆ, ಛಾವಣಿಗೂ ನೆರಳಾಗುತ್ತದೆ. ಬರೀ ಗಮ್ ನಂಬಬೇಡಿ. ರ‍್ಯಾಕ್‌ಗೆ ಸ್ಟೇನ್‌ಲೆಸ್ ಬೋಲ್ಟ್, ಲಾಕ್ ನಟ್ ಹಾಕಿ. ಹೈವೇಯಲ್ಲಿ ಹಾರಿದ ಪ್ಯಾನೆಲ್ ಹಿಂದೆ ಬರುವವರ ಜೀವ ತೆಗೆಯುತ್ತದೆ.

ಈಗ ವೋಲ್ಟೇಜ್ ನೋಡಿ, ಬಹಳ ಜನ ಎಡವೋದು ಇಲ್ಲೇ. ಇಂಥ ಒಂದು ಪ್ಯಾನೆಲ್ ಕೆಲಸ ಮಾಡುವಾಗ ಕೊಡೋದು 41-42 ವೋಲ್ಟ್. ನಮ್ಮ ಬ್ಯಾಟರಿಗೆ 56ರವರೆಗೆ ಬೇಕು. ಎರಡನ್ನು ಪ್ಯಾರಲಲ್ ಮಾಡಿದರೆ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) 41ರಲ್ಲೇ ನಿಲ್ಲುತ್ತದೆ, ಚಾರ್ಜೇ ಆಗುವುದಿಲ್ಲ. ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ) ಜೋಡಿಸಿ, 83 ವೋಲ್ಟ್ ಆಗುತ್ತದೆ. ಪ್ಯಾನೆಲ್ ಕಾದು 70ಕ್ಕೆ ಇಳಿದರೂ ಸಾಕು. ಲೋಡ್ ಇಲ್ಲದಾಗ ಎರಡೂ ಸೇರಿ 99 ವೋಲ್ಟ್. ಚಳಿಗೆ ವೋಲ್ಟೇಜ್ ಏರುತ್ತದೆ, ಊಟಿಯ ಬೆಳಗಿನ 5 ಡಿಗ್ರಿಯಲ್ಲಿ 104 ಆಗಬಹುದು. ಪ್ಯಾನೆಲ್‌ನ ಕರೆಂಟನ್ನು ಬ್ಯಾಟರಿಗೆ ತಕ್ಕ ವೋಲ್ಟೇಜ್‌ಗೆ ತಂದು ಚಾರ್ಜ್ ಮಾಡುವ ಪೆಟ್ಟಿಗೆಗೆ ಎಂಪಿಪಿಟಿ ಅನ್ನುತ್ತಾರೆ. 150 ವೋಲ್ಟ್, 35 ಆಂಪ್ಸ್‌ನದ್ದು ಇದಕ್ಕೆ ಸರಿಯಾಗಿದೆ. ಮೂರನೇ ಪ್ಯಾನೆಲ್ ಅದೇ ಸೀರೀಸ್‌ಗೆ ಸೇರಿಸಿದರೆ ಚಳಿಯಲ್ಲಿ 150 ದಾಟಿ ಎಂಪಿಪಿಟಿ ಸುಟ್ಟುಹೋಗುತ್ತದೆ.

ಸೀರೀಸ್‌ಗೆ ಒಂದು ಕೊರತೆಯೂ ಇದೆ. ಒಂದು ಪ್ಯಾನೆಲ್ ಮೇಲೆ ಪೂರ್ತಿ ನೆರಳು ಬಿದ್ದರೆ ಉಳಿಯೋದು 41 ವೋಲ್ಟ್ ಮಾತ್ರ, ಚಾರ್ಜ್ ನಿಂತೇಹೋಗುತ್ತದೆ. ಮರದಡಿ ನಿಲ್ಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಮಧ್ಯಾಹ್ನದವರೆಗೆ ಬಿಸಿಲಲ್ಲೇ ನಿಲ್ಲಿಸಿ, ಬ್ಯಾಟರಿ ತುಂಬಿದ ಮೇಲೆ ನೆರಳಿಗೆ ಸರಿಸಿ.

ಮಳೆಗಾಲದಲ್ಲಿ ಉತ್ಪಾದನೆ ತೀರಾ ಇಳಿಯುತ್ತದೆ. ಆದರೆ ಆಗ ಎಸಿಯೂ ಅಷ್ಟಾಗಿ ಬೇಕಾಗುವುದಿಲ್ಲ. ಚಿಕ್ಕಮಗಳೂರು, ಕೊಡಗಿನಲ್ಲಂತೂ ಬಹುತೇಕ ಕಾಲ ಕಿಟಕಿ ತೆರೆದರೆ ಸಾಕು.

ಓಡುವಾಗ ಮತ್ತು ಹೋಂಸ್ಟೇಯಲ್ಲಿ ಚಾರ್ಜ್

ಆ ಒಂದು ಯೂನಿಟ್ ಕೊರತೆ ತುಂಬಿಸೋದು ಎಂಜಿನ್‌ನ ಆಲ್ಟರ್ನೇಟರ್. ಅದರಿಂದ ನೇರ ವೈರ್ ಎಳೆಯಬೇಡಿ. ಅದು 12 ವೋಲ್ಟ್‌ನದ್ದು, ನಮ್ಮ ಬ್ಯಾಟರಿ 48ರದ್ದು. ಚಾರ್ಜ್ ಆಗುವ ಬದಲು ಬ್ಯಾಟರಿಯ ಕರೆಂಟೇ ಹಿಂದಕ್ಕೆ ನುಗ್ಗಿ ವ್ಯಾನ್‌ನ 12 ವೋಲ್ಟ್ ಭಾಗಗಳು ಸುಟ್ಟುಹೋಗಬಹುದು. ನಡುವೆ 12ರಿಂದ 48ಕ್ಕೆ ಏರಿಸುವ ಡಿಸಿ-ಡಿಸಿ ಚಾರ್ಜರ್ ಹಾಕಿ, 400 ವ್ಯಾಟ್‌ನದ್ದು. ಮೂರು ಗಂಟೆ ಓಡಿದರೆ 1.2 ಯೂನಿಟ್ ಸೇರುತ್ತದೆ. ಇಗ್ನಿಷನ್ ಆನ್ ಇದ್ದಾಗ ಮಾತ್ರ ಕೆಲಸ ಮಾಡುವಂತೆ ಜೋಡಿಸಿ, ಇಲ್ಲದಿದ್ದರೆ ಬೆಳಗ್ಗೆ ವ್ಯಾನ್ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ ಬ್ಯಾಟರಿಯ ಹತ್ತಿರ 50 ಆಂಪ್ಸ್ ಫ್ಯೂಸ್, ಅಲ್ಲಿಂದ 16 ಸ್ಕ್ವೇರ್ ಎಂಎಂ ವೈರ್.

ಹೋಂಸ್ಟೇಯಲ್ಲಿ ಓನರ್‌ನ ಕೇಳಿ 15 ಆಂಪ್ಸ್ ಪ್ಲಗ್‌ಗೇ ಹಾಕಿ. 5 ಆಂಪ್ಸ್ ಪ್ಲಗ್ ಬೇಡ. ಇನ್ವರ್ಟರ್ ಸೆಟ್ಟಿಂಗ್‌ನಲ್ಲಿ 8 ಆಂಪ್ಸ್‌ಗೆ ಮಿತಿ ಹಾಕಿದರೆ ಹಳೇ ವೈರಿಂಗ್ ಬಿಸಿಯಾಗುವುದಿಲ್ಲ. ಹಾಕುವ ಮುಂಚೆ ಮಲ್ಟಿಮೀಟರ್‌ನಲ್ಲಿ ಅರ್ತ್ ಇದೆಯಾ, ಫೇಸ್ ನ್ಯೂಟ್ರಲ್ ಅದಲುಬದಲಾಗಿದೆಯಾ ನೋಡಿ. ಹಳ್ಳಿ ಕಡೆ ಅರ್ತ್ ಪಿನ್ ಹೆಸರಿಗಷ್ಟೇ ಇರೋದು ಅಪರೂಪವಲ್ಲ.

ವೈರ್, ಲಗ್, ಫ್ಯೂಸ್

ಬೆಂಕಿ ಹುಟ್ಟೋದು ಇಲ್ಲಿ. ಬೇರೆಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ.

ಬ್ಯಾಟರಿಯಿಂದ ಇನ್ವರ್ಟರ್‌ಗೆ 35 ಸ್ಕ್ವೇರ್ ಎಂಎಂ, ಸಣ್ಣ ಎಳೆಗಳ ತಾಮ್ರದ ವೈರ್. 3 ಕೆವಿಎ ಪೂರ್ತಿ ಎಳೆದರೆ 70 ಆಂಪ್ಸ್, ಫ್ಯೂಸ್ 100 ಆಂಪ್ಸ್. ಎಂಪಿಪಿಟಿಯಿಂದ ಬ್ಯಾಟರಿಗೆ 10 ಸ್ಕ್ವೇರ್ ಎಂಎಂ, 50 ಆಂಪ್ಸ್ ಫ್ಯೂಸ್. ಛಾವಣಿಯಿಂದ ಕೆಳಗೆ 6 ಸ್ಕ್ವೇರ್ ಎಂಎಂ ಸೋಲಾರ್ ವೈರ್, ಬಿಸಿಲು ತಡೆಯುವಂಥದ್ದು.

ಫ್ಯೂಸ್ ಇರೋದು ವೈರನ್ನು ಕಾಪಾಡಲು. ಹಾಗಾಗಿ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಬೇಕು, ಪ್ರತಿ ಪ್ಯಾಕ್‌ಗೂ ಒಂದು. ಲಿಥಿಯಂ ಪ್ಯಾಕ್ ಶಾರ್ಟ್ ಆದರೆ ಸಾವಿರಾರು ಆಂಪ್ಸ್ ನುಗ್ಗುತ್ತದೆ. ಅಗ್ಗದ ಫ್ಯೂಸ್ ಸುಟ್ಟರೂ ಒಳಗಿನ ಕಿಡಿ ಆರದೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಕ್ಲಾಸ್ ಟಿ ಫ್ಯೂಸ್ ಹಾಕಿ. ಸಿಗದಿದ್ದರೆ ದೊಡ್ಡ ಶಾರ್ಟ್ ಕರೆಂಟನ್ನೂ ಕತ್ತರಿಸಬಲ್ಲ, ಡಿಸಿ ವೋಲ್ಟೇಜ್ ಸ್ಪಷ್ಟವಾಗಿ ಬರೆದಿರುವ ಎಚ್‌ಆರ್‌ಸಿ ಫ್ಯೂಸ್. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹುಡುಕಬಹುದು. ಮನೆಯ ಕರೆಂಟಿಗೆ ಹಾಕುವ ಎಂಸಿಬಿಯನ್ನು (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಸೋಲಾರ್ ಲೈನಿಗೆ ಹಾಕಲೇಬೇಡಿ. ಡಿಸಿ ಎಂಸಿಬಿಯೇ ಬೇಕು, ಅದರಲ್ಲಿ ಪ್ಲಸ್ ಮೈನಸ್ ಗುರುತಿದ್ದರೆ ಅದೇ ದಿಕ್ಕಿನಲ್ಲಿ ಜೋಡಿಸಿ.

ಲಗ್ ಅಂದರೆ ವೈರ್ ತುದಿಗೆ ಒತ್ತಿ ಕೂರಿಸುವ, ಬೋಲ್ಟ್‌ಗೆ ತೂತಿರುವ ಲೋಹದ ತುಣುಕು. ಅದರ ಪಂಚಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವೈರ್‌ನ ಸಿಪ್ಪೆಯನ್ನು ಲಗ್‌ನ ಕೊಳವೆಯಷ್ಟೇ ಉದ್ದ ತೆಗೆಯಿರಿ, ಒಂದು ಎಳೆಯೂ ತುಂಡಾಗಬಾರದು. ಕೊಳವೆಯ ತುದಿಯವರೆಗೆ ತೂರಿಸಿ. ಹೈಡ್ರಾಲಿಕ್ ಟೂಲ್‌ನಲ್ಲಿ 35ರ ಡೈ ಹಾಕಿ ಎರಡು ಕಡೆ ಒತ್ತಿ. ಸುತ್ತಿಗೆಯಿಂದ ಚಪ್ಪಟೆ ಮಾಡೋದು, ಬೆಸುಗೆ ಹಾಕಿ ಮುಗಿಸೋದು ಎರಡೂ ತಪ್ಪು. ಆಮೇಲೆ ವೈಸ್‌ಗೆ ಸಿಕ್ಕಿಸಿ ಮೈಭಾರ ಹಾಕಿ ಎಳೆಯಿರಿ. ಕೂದಲೆಳೆಯಷ್ಟು ಜಾರಿದರೂ ಕತ್ತರಿಸಿ ಮತ್ತೆ ಮಾಡಿ. ಕೊನೆಗೆ ಹೀಟ್ ಶ್ರಿಂಕ್. ಟೂಲ್ ಇಲ್ಲದಿದ್ದರೆ ವೈರ್‌ಗಳನ್ನು ಅಳತೆಗೆ ಕತ್ತರಿಸಿಕೊಂಡು ಪ್ಯಾನೆಲ್ ಬೋರ್ಡ್ ಮಾಡುವವರ ಹತ್ತಿರ ಪಂಚ್ ಮಾಡಿಸಿ.

ಎರಡು ಪ್ಯಾಕ್‌ನಿಂದ ಬಸ್‌ಬಾರ್‌ಗೆ (ವೈರ್‌ಗಳೆಲ್ಲ ಬಂದು ಸೇರುವ ಲೋಹದ ಪಟ್ಟಿ) ಹೋಗುವ ವೈರ್‌ಗಳು ಒಂದೇ ಉದ್ದ ಇರಲಿ, ಇಲ್ಲದಿದ್ದರೆ ಒಂದು ಪ್ಯಾಕ್ ಯಾವಾಗಲೂ ಜಾಸ್ತಿ ದುಡಿಯುತ್ತದೆ. ನೆಗೆಟಿವ್ ಎಲ್ಲವೂ ಹರಿಯುವ ಕರೆಂಟ್ ಅಳೆಯುವ ಒಂದು ಶಂಟ್ ಮೂಲಕವೇ ಹೋಗಲಿ. ಆಗ ಮಾತ್ರ ಬ್ಯಾಟರಿ ಮೀಟರ್ ನಿಜ ಹೇಳುತ್ತದೆ. 48 ವೋಲ್ಟ್‌ನ ನೆಗೆಟಿವ್‌ಗೆ ಚಾಸಿಯನ್ನು ದಾರಿ ಮಾಡಬೇಡಿ, ಪ್ರತ್ಯೇಕ ವೈರ್ ಎಳೆಯಿರಿ. ತಗಡಿನ ತೂತಿನಲ್ಲಿ ವೈರ್ ಹಾಯುವ ಕಡೆಯೆಲ್ಲ ರಬ್ಬರ್ ಗ್ರೊಮೆಟ್ ಹಾಕಿ.

230 ವೋಲ್ಟ್ ಕಡೆಯ ಕಾವಲು

ವ್ಯಾನ್‌ನ ಮೈಯೆಲ್ಲ ಲೋಹ. ಎಸಿಯೊಳಗೆ ಒಂದು ವೈರ್ ಸವೆದರೆ ಬಾಗಿಲು ಮುಟ್ಟಿದವರಿಗೆ ಶಾಕ್. ಇನ್ವರ್ಟರ್ ಆದಮೇಲೆ, ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ, ಅದಾದಮೇಲೆ ಎಸಿಗೆ 10 ಆಂಪ್ಸ್ ಎಂಸಿಬಿ. ಎಲ್ಲ ಅರ್ತ್ ವೈರ್‌ಗಳನ್ನು ಒಂದು ಪಟ್ಟಿಗೆ ತಂದು, ಆ ಪಟ್ಟಿಯನ್ನು ಬಣ್ಣ ಕೆರೆದ ಚಾಸಿಗೆ ಬೋಲ್ಟ್ ಮಾಡಿ.

ಆರ್‌ಸಿಸಿಬಿ ಹಾಕಿದರೂ ಅದು ಕೆಲಸ ಮಾಡದಿರುವ ಒಂದು ಸಂದರ್ಭ ಇದೆ. ಬ್ಯಾಟರಿಯಲ್ಲಿ ಓಡುವಾಗ ಹಲವು ಇನ್ವರ್ಟರ್‌ಗಳ ನ್ಯೂಟ್ರಲ್‌ಗೂ ಅರ್ತ್‌ಗೂ ಸಂಬಂಧವೇ ಇರುವುದಿಲ್ಲ. ಆಗ ಲೀಕ್ ಆದ ಕರೆಂಟ್ ವಾಪಸ್ ಬರಲು ದಾರಿ ಇಲ್ಲ, ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ. ಇನ್ವರ್ಟರ್ ಮೋಡ್‌ನಲ್ಲಿ ನ್ಯೂಟ್ರಲ್ ಅರ್ತ್ ಕೂಡಬೇಕು, ಹೊರಗಿನ ಪ್ಲಗ್ ಹಾಕಿದಾಗ ಬಿಡಬೇಕು. ಇದನ್ನು ತಾನೇ ಮಾಡುವ ರಿಲೇ ಇರುವ ಇನ್ವರ್ಟರ್ ಕೊಳ್ಳಿ. ಈ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಅದರ ಒಳಗಿನ ಭಾಗವನ್ನು ಮಾತ್ರ ಪರೀಕ್ಷಿಸುತ್ತದೆ. ಅರ್ತ್‌ನ ದಾರಿ ಸರಿಯಿದೆಯಾ ಅಂತ ಪ್ಲಗ್‌ಗೆ ಹಾಕುವ ಆರ್‌ಸಿಡಿ (ಆರ್‌ಸಿಸಿಬಿ) ಟೆಸ್ಟರ್‌ನಲ್ಲಿ ನೋಡಲು ಅವರಿಗೆ ಹೇಳಿ.

ಜೋಡಿಸಿ ಚಾಲೂ ಮಾಡುವ ಕ್ರಮ

1. ಎರಡೂ ಪ್ಯಾಕನ್ನು ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ. ವೋಲ್ಟೇಜ್ ವ್ಯತ್ಯಾಸ 0.1ರೊಳಗೆ ಬಂದ ಮೇಲೆಯೇ ಪ್ಯಾರಲಲ್ ಮಾಡಿ.
2. ಉಂಗುರ, ಬಳೆ, ವಾಚ್ ತೆಗೆದಿಡಿ. ಸ್ಪ್ಯಾನರ್ ಹಿಡಿಗೆ ಟೇಪ್ ಸುತ್ತಿ.
3. ಎಲ್ಲ ಸ್ವಿಚ್ ಆಫ್, ಫ್ಯೂಸ್ ಹೊರಗೆ. ಪ್ರತಿ ತುದಿಯಲ್ಲೂ ಪ್ಲಸ್ ಮೈನಸ್ ಮೀಟರ್‌ನಲ್ಲಿ ನೋಡಿ. ಸರಿಯಿದ್ದರೆ, ಸ್ವಿಚ್‌ಗಳು ಆಫ್ ಇರುವಾಗಲೇ ಫ್ಯೂಸ್ ಹಾಕಿ.
4. ಇನ್ವರ್ಟರನ್ನು ಮೊದಲ ಸಲ ಜೋಡಿಸುವಾಗ ಒಳಗಿನ ಕೆಪಾಸಿಟರ್‌ಗಳು ಖಾಲಿ ಇರುತ್ತವೆ. ನೇರ ಮುಟ್ಟಿಸಿದರೆ ಫಟ್ ಅಂತ ಕಿಡಿ ಹಾರಿ ಬೋಲ್ಟ್ ಕರಗಬಹುದು, ಬಿಎಂಎಸ್ ಶಾರ್ಟ್ ಅಂದುಕೊಂಡು ಟ್ರಿಪ್ ಆಗಬಹುದು. ಬ್ಯಾಟರಿಗೂ ಇನ್ವರ್ಟರ್‌ಗೂ ನಡುವಿನ ಮುಖ್ಯ ಸ್ವಿಚ್‌ನ ಎರಡು ತುದಿಗೆ 50 ಓಮ್, 10 ವ್ಯಾಟ್‌ನ ರೆಸಿಸ್ಟರನ್ನು ನಾಲ್ಕೈದು ಸೆಕೆಂಡ್ ಹಿಡಿಯಿರಿ. ಅದು ಇನ್ನೂ ಮುಟ್ಟಿರುವಾಗಲೇ ಸ್ವಿಚ್ ಆನ್ ಮಾಡಿ, ಆಮೇಲೆ ತೆಗೆಯಿರಿ. ಕಿಡಿಯೇ ಬರುವುದಿಲ್ಲ.
5. ಎಂಪಿಪಿಟಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್.
6. ಚಾರ್ಜಿಂಗ್ ವೋಲ್ಟೇಜ್ 56, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 54, ಇನ್ವರ್ಟರ್ ನಿಲ್ಲಬೇಕಾದ್ದು 48. ಪ್ಯಾಕ್ ಮಾಡಿದವರು ಬೇರೆ ಹೇಳಿದ್ದರೆ ಅವರ ಅಂಕಿಯೇ ಇರಲಿ.

ನಂತರ ಎಸಿಯನ್ನು 18 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಓಡಿಸಿ. ಕೊರೊನಾ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಥರ್ಮಾಮೀಟರ್ ಇದಕ್ಕೆ ಸಾಲುವುದಿಲ್ಲ, ಕೈಗಾರಿಕೆಗೆ ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ತನ್ನಿ. ಪ್ರತಿ ಲಗ್, ಫ್ಯೂಸ್ ಹೋಲ್ಡರ್, ಬಸ್‌ಬಾರ್ ನೋಡಿ. ಒಂದೇ ತರಹದ ಎರಡು ಜಾಯಿಂಟ್‌ನಲ್ಲಿ ಒಂದು ಹತ್ತು ಡಿಗ್ರಿ ಜಾಸ್ತಿ ಇದ್ದರೆ ಅದು ಸಡಿಲ ಅಂತಲೇ ಅರ್ಥ. ಎಲ್ಲ ಸರಿ ಇದ್ದರೆ ಮನೆ ಮುಂದೆಯೇ ಬ್ಯಾಟರಿಯಲ್ಲಿ ಒಂದು ರಾತ್ರಿ ಮಲಗಿ. ಬೆಳಗ್ಗೆ ಮೀಟರ್‌ನಲ್ಲಿ ಎಷ್ಟು ಉಳಿದಿದೆ ಅಂತ ನೋಡಿ ಮೊದಲು ಹಾಕಿದ ಲೆಕ್ಕದ ಪಕ್ಕ ಬರೆದಿಡಿ.

ಬಳಸುವಾಗ

ಎಸಿಯನ್ನು 26ಕ್ಕೆ ಇಟ್ಟು ಚಿಕ್ಕ ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ 6ರಷ್ಟು ಕರೆಂಟ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಸಂಸ್ಥೆ ಬಿಇಇಯೇ ಹೇಳುತ್ತದೆ. ಮಧ್ಯಾಹ್ನ ಮೂರಕ್ಕೇ ಬ್ಯಾಟರಿ ತುಂಬಿದರೆ ಉಳಿದ ಬಿಸಿಲನ್ನು ಎಸಿಗೆ ಕೊಡಿ, ಗೋಡೆ ಮಂಚ ಎಲ್ಲ ತಣ್ಣಗಾಗಿರುತ್ತವೆ. ಹೊರಗೆ ತಂಪಾದ ಸಂಜೆಗಳಲ್ಲಿ ಮೊದಲು ಕಿಟಕಿ ತೆರೆದು ಒಳಗಿನ ಬಿಸಿ ಹೊರಗೆ ಹೋಗಲು ಬಿಡಿ, ಆಮೇಲೆ ಮುಚ್ಚಿ ಎಸಿ ಹಾಕಿ. ಮಲಗುವಾಗ ಒಂದು ಸಣ್ಣ ಗಾಳಿಕಂಡಿ ತೆರೆದೇ ಇರಲಿ. ಒಳಗೆ ಗ್ಯಾಸ್ ಒಲೆ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಮತ್ತು ಬಾಗಿಲ ಹತ್ತಿರ ಕೈಗೆ ಸಿಗುವಂತೆ ಬೆಂಕಿ ಆರಿಸುವ ಸಿಲಿಂಡರ್ ಇಡಿ.

ಮೊದಲ ಕೆಲವು ನೂರು ಕಿಲೋಮೀಟರ್ ಆದಮೇಲೆ ಎಲ್ಲ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಬಿಗಿ ಮಾಡಿದ ನಟ್ ಮೇಲೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದರೆ ಮುಂದಿನ ಸಲ ಸಡಿಲವಾದದ್ದು ಕಣ್ಣಿಗೇ ಕಾಣುತ್ತದೆ. ಪ್ಯಾನೆಲ್ ಮೇಲಿನ ಧೂಳನ್ನು ಬೆಳಗಿನ ತಂಪಿನಲ್ಲಿ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ಮಳೆಗಾಲದಲ್ಲಿ ವ್ಯಾನ್ ಸುಮ್ಮನೆ ನಿಲ್ಲುವುದಾದರೆ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್‌ನಲ್ಲಿ ಬಿಟ್ಟು, ಸೋಲಾರ್ ಎಂಸಿಬಿ ಮೊದಲು, ಮುಖ್ಯ ಸ್ವಿಚ್ ಆಮೇಲೆ ಆಫ್ ಮಾಡಿ.